ಗಿಟಾರಿಗೊಂದು ಗೊಗ್ಗರು ದನಿ

ಕಳೆದ ತಿಂಗಳು ನಮ್ಮ ಮನೆಯ ಕರೆಗಂಟೆ ಕೆಟ್ಟಿತು. ರಿಪೇರಿಗೆ ಬಂದವರು ಅದರ ಹೊಟ್ಟೆ ಬಿಚ್ಚಿ, ಸುಟ್ಟುಹೋಗಿದ್ದ ತಾಮ್ರದ ಸುರುಳಿಯನ್ನು ಕಿತ್ತು ಕಟ್ಟೆಯ ಮೇಲಿಟ್ಟರು. ನಾನು ಅದರ ತುದಿಯನ್ನು ಉಗುರಿನಿಂದ ಎಬ್ಬಿಸಿ, ಒಂದು ಗೇಣು ತಂತಿ ಬಿಚ್ಚಿ, ಎರಡು ಬೆರಳ ನಡುವೆ ಎಳೆದು ನೋಡಿ, "ಇದು ದಪ್ಪ ಆತು" ಎಂದೆ. ಯಾರಿಗೂ ಹೇಳಿದ್ದಲ್ಲ; ಬಾಯಿ ತಾನೇ ಆಡಿತು. ರಿಪೇರಿಯವರು ತಲೆ ಎತ್ತಿ, "ಎದಕ್ಕ ದಪ್ಪ ಆತ್ರಿ?" ಎಂದು ಕೇಳಿದರು. ಉತ್ತರ ಹೇಳಲು ಕೂತರೆ ಅವರ ಅರ್ಧ ದಿನ ಹಾಳಾದೀತೆಂದು ಸುಮ್ಮನಾದೆ. ನಿಮ್ಮ ಮಾತು ಬೇರೆ. ನೀವು ಇಂಥದನ್ನು ಓದಲು ಕೂತಿದ್ದೀರಿ ಎಂದಮೇಲೆ ಪುರಸೊತ್ತು ಇದ್ದವರೇ.

ಗಿಟಾರಿಗೆ ದಪ್ಪ ಆತು. ಇದು ಉತ್ತರ.

ತೊಂಬತ್ತರ ಆಸುಪಾಸಿನ ಮಾತು. ಆಗ ನಾನು ರಾಣೇಬೆನ್ನೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸುವ ಕೆಲಸಕ್ಕಿದ್ದೆ. ಹಗಲೆಲ್ಲ ಊರವರ ಲಗ್ನಪತ್ರಿಕೆ ಜೋಡಿಸುವುದು. ಲಗ್ನದ ದಿನ ಅದೇ ಮಂಟಪದ ಮೂಲೆಯಲ್ಲಿ ನಿಂತು ಗಿಟಾರ್ ಬಾರಿಸುವುದು. ಹೀಗಾಗಿ ತಾಲೂಕಿನ ಎಷ್ಟೋ ಸಂಸಾರಗಳು ನನ್ನ ಕೈಯಿಂದಲೇ ಶುರುವಾಗಿವೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಆ ಸಂಸಾರಗಳು ಹೇಗೆ ನಡೆದವು ಎಂದು ಮಾತ್ರ ವಿಚಾರಿಸಲು ಹೋಗಿಲ್ಲ.

ನಮ್ಮ ಆರ್ಕೆಸ್ಟ್ರಾದ ಯಜಮಾನರು ಪರಶುರಾಮ ಮಾಸ್ತರರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೂ ಕೈಯಲ್ಲಿ ಬೆತ್ತವಿದ್ದಂತೆಯೇ ಹಾರ್ಮೋನಿಯಂ ಬಾರಿಸುತ್ತಿದ್ದವರು. ಲಗ್ನ, ಗಣಪತಿ, ಉರುಸು, ಕಾಲೇಜಿನ ಗ್ಯಾದರಿಂಗು, ಎಲ್ಲಿಗೆ ಕರೆದರೂ ನಾವು ಒಂದು ಮೆಟಡೋರಿನಲ್ಲಿ ತುಂಬಿಕೊಂಡು ಹೋಗಿ ಸಿನಿಮಾ ಹಾಡು ಹಾಡಿ ಬರುತ್ತಿದ್ದೆವು. ನನ್ನ ಗಿಟಾರು ಕೆಂಪು ಬಣ್ಣದ್ದು, ನೋಡಲು ಭಾರಿ ಠೀವಿ. ದನಿಯದೇ ತಕರಾರು. ಎಷ್ಟು ಒತ್ತಿ ಬಾರಿಸಿದರೂ ಅದು ಸಾಬೂನು ಹಚ್ಚಿ ತೊಳೆದಿಟ್ಟ ಹಾಗೆ ನುಣ್ಣಗೆ, ತೆಳ್ಳಗೆ, ಕಿಂಯ್ ಎನ್ನುತ್ತಿತ್ತು. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ನಮ್ಮವ್ವ ಒಳಗಿನಿಂದ, "ಬಸೂ, ಗುಂಗಾಡು ಬಂದಾವೇನೋ, ಬೇವಿನ ಹೊಗಿ ಹಾಕಲೇನು?" ಎಂದು ಕೇಳುತ್ತಿದ್ದಳು. ಅವಳು ಚೇಷ್ಟೆಗೆ ಹೇಳುತ್ತಿದ್ದಳೆಂದು ನಾನು ಬಹಳ ದಿನ ತಿಳಿದಿದ್ದೆ. ಒಂದು ದಿನ ನಿಜವಾಗಿಯೂ ಹೊಗೆ ಹಾಕಿದಳು.

ನನಗೆ ಬೇಕಾಗಿದ್ದ ದನಿ ಬೇರೆಯದೇ ಇತ್ತು. ನಾನು ಹುಟ್ಟಿದ್ದು ಹಾವೇರಿಯ ಹತ್ತಿರದ ಅಗಡಿಯಲ್ಲಿ. ಸಣ್ಣವನಿದ್ದಾಗ ಮಂಗಳವಾರ ಮಂಗಳವಾರ ನಮ್ಮ ಓಣಿಗೆ ಚೌಡಕಿ ಬಾರಿಸುವ ಒಬ್ಬ ಮುದುಕಿ ಬರುತ್ತಿದ್ದಳು. ಚೌಡಕಿ ಎಂದರೆ ತೊಗಲು ಬಿಗಿದ ಮರದ ಡಬ್ಬಿ, ಅದಕ್ಕೆ ಒಂದೇ ತಂತಿ. ಆ ತಂತಿಯ ಸದ್ದು ಕಿವಿಗೆ ಬೀಳುವ ಮೊದಲು ಹೊಟ್ಟೆಯಲ್ಲಿ ಕೇಳುತ್ತಿತ್ತು. ಒರಟು, ತುಸು ಮರಳು ಬೆರೆತ ಹಾಗೆ, ಜೋಳ ಬೀಸುವ ಕಲ್ಲಿನ ಹಾಗೆ. ಅವಳು ಹೊಸ್ತಿಲಲ್ಲಿ ನಿಂತು ಬಾರಿಸಿದರೆ ನಾನು ಉಣ್ಣುವುದನ್ನು ಬಿಟ್ಟು ಎದ್ದು ಹೋಗಿ ಅವಳೆದುರು ನಿಲ್ಲುತ್ತಿದ್ದೆ. ಕೈಯ ರೊಟ್ಟಿ ಕೈಯಲ್ಲೇ ಇರುತ್ತಿತ್ತು. ಎಷ್ಟೋ ಸಲ ಅದು ಕೊನೆಗೆ ಅವಳ ಜೋಳಿಗೆಗೇ ಹೋಗುತ್ತಿತ್ತು. ಮುಂದೆ ಪಟ್ಟಣದ ಹಾಡುಗಳಲ್ಲಿ ಎಲೆಕ್ಟ್ರಿಕ್ ಗಿಟಾರಿನ ಗರಗರ ದನಿ ಕೇಳಿದಾಗ ಎಲ್ಲರೂ ಅದನ್ನು ವಿಲಾಯತಿ ಸಂಗೀತ ಎಂದರು. ನನಗೆ ಅದು ನಮ್ಮ ಓಣಿಯದೇ ಅನಿಸಿತ್ತು.

ಹೀಗಿರುವಾಗ ಒಂದು ದಿನ ಮಾಸ್ತರರು ಹುಬ್ಬಳ್ಳಿಯಿಂದ ಕೀಬೋರ್ಡ್ ತಂದರು. ಬಾಡಿಗೆಗೆ ತಂದದ್ದು, ಮನಸ್ಸಿಗೆ ಬಂದರೆ ಕೊಳ್ಳುವುದು ಎಂಬ ಕರಾರು. ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಒಂದು ಗುಂಡಿ ಒತ್ತಿದರು, ಪಿಟೀಲು ಬಂತು. ಇನ್ನೊಂದು ಒತ್ತಿದರು, ಕೊಳಲು ಬಂತು. ಮೂರನೆಯದನ್ನು ಒತ್ತಿ ನನ್ನ ಕಡೆ ನೋಡಿದರು. ಗಿಟಾರು ಬಂತು. ನನ್ನ ಗಿಟಾರಿಗಿಂತ ಅದು ಹೆಚ್ಚು ಗಿಟಾರಿನ ಹಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ.

"ಬಸವರಾಜ, ಸಿಟ್ಟಿಗೇಳಬ್ಯಾಡ," ಎಂದರು ಮಾಸ್ತರರು. "ನಿನ್ನ ಕೈ ಛಲೋ ಐತಿ. ಆದ್ರ ನೀ ಮಾಡೋದನ್ನ ಇದು ಮಾಡತೈತಿ ಅಂದ ಮ್ಯಾಲೆ ಮೆಟಡೋರಿನಾಗ ಒಬ್ಬಾಂವಂದು ಜಾಗ ಉಳೀತೈತಿ. ಹಾವೇರಿ ಕಾಲೇಜಿನ ಗ್ಯಾದರಿಂಗ್ ತನಕ ಇರು. ಆಮ್ಯಾಲೆ ನೋಡೋಣು."

ಆಮ್ಯಾಲೆ ನೋಡೋಣು ಎಂದರೆ ಏನೆಂದು ಸಾಲಿ ಕಲಿತವರಿಗೆಲ್ಲ ಗೊತ್ತು. ಗ್ಯಾದರಿಂಗಿಗೆ ಮೂರು ವಾರವಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅದನ್ನು ಹೇಳದೆ ಮುಂದೆ ಹೋದರೆ ಈ ಬರಹ ಬರೀ ತಂತಿಯದಾದೀತು. ನಮ್ಮಲ್ಲಿ ಗಿರಿಜಕ್ಕ ಎಂಬ ಹಾಡುಗಾರ್ತಿ ಇದ್ದಳು. ಹಾವೇರಿಯಲ್ಲಿ ಬಾಲವಾಡಿ ಟೀಚರು. ಮಕ್ಕಳಿಗೆ ಅಂಗಳದಲ್ಲಿ ಹಾಡು ಹೇಳಿಕೊಡುತ್ತಲೇ ಕಂಠ ಪಳಗಿಸಿಕೊಂಡವಳು. ಎಷ್ಟು ಮೇಲಿನ ಸ್ವರವಾದರೂ ಆಕೆ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹತ್ತಿಬಿಡುತ್ತಿದ್ದಳು. ಆಕೆಗೆ ಗಂಟಲಿನ ಆಪರೇಷನ್ ಆಯಿತು. ಒಂದು ವರ್ಷ ಹಾಡಲಿಲ್ಲ. ತಿರುಗಿ ಬಂದಾಗ ದನಿ ಬೇರೆಯಾಗಿತ್ತು. ಗೊಗ್ಗರಾಗಿ, ನಡುನಡುವೆ ಸೀಳುತ್ತ, ಅರ್ಧ ಗಾಳಿ ಅರ್ಧ ಸ್ವರವಾಗಿ ಬರುತ್ತಿತ್ತು. ಒಂದು ಹಾಡು ಹಾಡಿ ಆಕೆ ನಮ್ಮೆಲ್ಲರ ಮುಖ ನೋಡಿದಳು. ನಾವೆಲ್ಲ ನಮ್ಮ ನಮ್ಮ ವಾದ್ಯ ನೋಡಿಕೊಂಡೆವು.

ಆಕೆ ಹೋದ ಮೇಲೆ ಮಾಸ್ತರರು, "ಏನ್ ಮಾಡೋಣು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. "ಅಕ್ಕನ ಧ್ವನಿ ಹರದೈತ್ರಿ. ಮಂದಿ ನಗತಾರ," ಎಂದೆ.

ಮಾಸ್ತರರು ಆಕೆಗೆ ಇನ್ನಷ್ಟು ದಿನ ವಿಶ್ರಾಂತಿ ತಗೋ ಎಂದು ಹೇಳಿ ಕಳಿಸಿದರು. ಆ ವಿಶ್ರಾಂತಿಗೆ ಎಂಟು ತಿಂಗಳಾಗಿತ್ತು. ಈಗ ಅಂಥದೇ ವಿಶ್ರಾಂತಿ ನನ್ನ ಹಣೆಗೂ ಬರುವುದರಲ್ಲಿತ್ತು.

ನಾನು ಗಿಟಾರಿನ ಪಿಕಪ್ ಬದಲಿಸಲು ನಿಶ್ಚಯಿಸಿದೆ. ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂಡಿಸಿರುವ ಒಂದು ಪುಟ್ಟ ಪೆಟ್ಟಿಗೆ. ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಮೇಲಿನ ತಂತಿ ನಡುಗಿದರೆ ಕೆಳಗಿನ ತಂತಿಯಲ್ಲಿ ವಿದ್ಯುತ್ತು ಹುಟ್ಟಿ ಅದೇ ಸದ್ದಾಗಿ ಹೊರಬೀಳುತ್ತದೆ. ನನ್ನ ಗಿಟಾರಿಗೆ ಇದ್ದದ್ದು ಒಂದೇ ಪಿಕಪ್. ದನಿಯ ಗುಣವೆಲ್ಲ ಅದರಲ್ಲೇ ಇರುತ್ತದೆ ಎಂದು ನನಗೆ ಹೇಳಿದ್ದವನು ದಾವಣಗೆರೆಯ ಒಬ್ಬ ಗೆಳೆಯ. ಅವನೂ ಗಿಟಾರು ಬಾರಿಸುವವನೇ.

ಮೊದಲು ಹುಬ್ಬಳ್ಳಿಯ ಅಂಗಡಿಗೆ ಹೋದೆ. ಅಂಗಡಿಯವರು ಬೆಳ್ಳಿಯಂತೆ ಹೊಳೆಯುವ ಹೊಸ ಪಿಕಪ್ ಒಂದನ್ನು ತೋರಿಸಿ, ತಮ್ಮ ಗಿಟಾರಿಗೆ ಅದನ್ನೇ ಹಾಕಿದ್ದೇವೆ, ಬಾರಿಸಿ ನೋಡಿ ಎಂದರು. ಬಾರಿಸಿದೆ. ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ ಬಂತು. ಚಂದವಿತ್ತು. ನನ್ನ ತಕರಾರೇ ಆ ಚಂದದ್ದಾಗಿತ್ತು. ಕೈಮುಗಿದು ಬಂದೆ.

ದಾವಣಗೆರೆಯ ಗೆಳೆಯ ತನ್ನಲ್ಲಿದ್ದ ಎರಡು ಸುರುಳಿಯ ದೊಡ್ಡ ಪಿಕಪ್ ಒಂದನ್ನು ವಾರದ ಮಟ್ಟಿಗೆ ಕೊಟ್ಟ. ನನ್ನ ಗಿಟಾರಿನ ತೂತಿಗೆ ಅದು ಹಿಡಿಸುವಂತಿರಲಿಲ್ಲ. ಮರ ಕೆತ್ತುವ ಧೈರ್ಯ ಸಾಲದೆ, ತಂತಿಗಳ ಮೇಲೆ ಅದನ್ನು ಬೋರಲಾಗಿ ಹಿಡಿದು ಬಾರಿಸಿ ನೋಡಿದೆ. ದನಿಯಲ್ಲಿ ಬಲವೇನೋ ಇತ್ತು. ಆದರೆ ಕಂಬಳಿ ಹೊದ್ದು ಮಲಗಿದವರು ಒಳಗಿನಿಂದ ಮಾತಾಡಿದ ಹಾಗೆ ಗುಮ್ಮೆನ್ನುತ್ತಿತ್ತು. ಅವ್ವ ಒಳಗಿನಿಂದ, "ಈಗ ಗುಂಗಾಡು ಹ್ವಾದವು. ದುಂಬಿ ಬಂದೈತಿ," ಎಂದಳು. ಅದನ್ನೂ ತಿರುಗಿ ಕೊಟ್ಟೆ.

ಅಷ್ಟರಲ್ಲಿ ಎರಡು ವಾರ ಕಳೆದಿತ್ತು. ಉಳಿದ ದಾರಿ ಒಂದೇ, ಇದ್ದ ಪಿಕಪ್ಪನ್ನೇ ಮತ್ತೆ ಸುತ್ತಿಸುವುದು. ರಾಣೇಬೆನ್ನೂರಿನಲ್ಲಿ ಸುತ್ತುವ ಕೆಲಸ ಎಂದರೆ ಖಾದರಸಾಬರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳು ಸಾಲಾಗಿ ಕೂತು ದವಾಖಾನೆಯ ಹಾಗೆ ಕಾಣುತ್ತಿತ್ತು. ವಾರ್ನಿಷ್ ವಾಸನೆ ಓಣಿಯ ತುದಿಗೇ ಬಂದು ಎದುರುಗೊಳ್ಳುತ್ತಿತ್ತು.

"ಚಾಚಾ, ಪಿಕಪ್ ಸರಿ ಇಲ್ರಿ," ಎಂದೆ.

"ಯಾವ ಗಾಡಿ?" ಅವರು ತಲೆ ಎತ್ತಲಿಲ್ಲ.

"ಗಾಡಿ ಅಲ್ರಿ, ಗಿಟಾರು."

ಈಗ ಎತ್ತಿದರು. "ಏರಿ ಹತ್ತವಲ್ದೇನು?"

ನಾನು ವಿವರಿಸಿದೆ. ಅವರು ಪಿಕಪ್ ಬಿಚ್ಚಿಸಿ, ಮೀಟರು ಹಚ್ಚಿ, ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮತ್ತೆ ಕೂಡಿಸಿ, ಗಿಟಾರು ಬಾರಿಸಲು ಹೇಳಿ, ಅಂಗಡಿಯಲ್ಲಿದ್ದ ಹಳೆಯ ವಾಲ್ವ್ ರೇಡಿಯೋಕ್ಕೆ ಜೋಡಿಸಿ ಕೇಳಿದರು. "ನಮ್ಮ ಬ್ಯಾಡಗಿ ಮೆಣಸಿನಕಾಯಿ ಹಂಗ ಐತಿ," ಎಂದರು. "ಬಣ್ಣ ಭರ್ಪೂರ್, ಖಾರ ಇಲ್ಲ. ಇದರಾಗ ಸುತ್ತು ಕಮ್ಮಿ ಅದಾವು. ಅರ್ಧ ಹೊಟ್ಟಿ ಉಂಡ ಮನಿಷಾ ಎಷ್ಟರ ಕೂಗತಾನ? ಹೆಚ್ಚು ಸುತ್ತಿದ್ರ ಮೈಯಾಗ ತಾಕತ್ತು ಬರತೈತಿ, ಧ್ವನಿ ಒರಟ ಆಗತೈತಿ. ಆದ್ರ ಹಳೇ ತಂತಿ ಹರದು ತಗೀಬೇಕು. ಹರದ ಮ್ಯಾಲೆ ನೀ ಬಂದು, ಚಾಚಾ, ಹಳೇದ ಛಲೋ ಇತ್ತು ಅಂದ್ರ ನಾ ಏನೂ ಮಾಡಾಕ ಬರಂಗಿಲ್ಲ."

"ಕೂಡ್ಲಿಲ್ಲ ಅಂದ್ರ?"

"ಕೂಡ್ಲಿಲ್ಲ ಅಂದ್ರ ನಿನ್ನ ಗಿಟಾರು ಮೂಕ."

ಯೋಚಿಸಲು ನನಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಕೊಟ್ಟರು. ಚಹಾ ಅವರೇ ತರಿಸಿದರು. ನನ್ನ ಬದುಕಿನಲ್ಲಿ ಅಷ್ಟು ನಿಧಾನವಾಗಿ ನಾನು ಚಹಾ ಕುಡಿದದ್ದಿಲ್ಲ. ಲೋಟ ಕೆಳಗಿಟ್ಟು, "ಸುತ್ರಿ" ಎಂದೆ.

ಆದರೆ ಸುತ್ತಲು ತಂತಿ ಬೇಕಲ್ಲ. ಅವರಲ್ಲಿದ್ದದ್ದು ಪಂಪ್‌ಸೆಟ್ಟಿನ ತಂತಿ. "ಆನಿ ಕಟ್ಟೋ ಸರಪಳಿ ಇರಿವಿಗೆ ಕಟ್ಟಿದಂಗ ಆಗತೈತಿ," ಎಂದರು. "ಹಳೇ ಟೆಲಿಫೋನಿನ ಗಂಟಿಯೊಳಗ ಇಂಥಾ ಸಣ್ಣ ತಂತಿ ಸಿಗತೈತಿ. ಬ್ಯಾಡಗಿ ಗುಜರಿಗೆ ಹೋಗು. ಅಲ್ಲಿ ಮೆಣಸಿನಕಾಯಿ ಅಂಗಡ್ಯಾಗಿನ ಹಳೇ ಫೋನು ಬಂದು ಬಿದ್ದಿರತಾವು."

ಬ್ಯಾಡಗಿಗೆ ನೀವು ಮೆಣಸಿನಕಾಯಿಯ ದಿನಗಳಲ್ಲಿ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಬಸ್ಸಿನಿಂದ ಇಳಿದವನು ಹದಿನಾರು ಸೀನು ಸೀನಿದೆ. ಖಾರವಿಲ್ಲ ಎಂದು ಖಾದರಸಾಬರು ಹೀಗಳೆದದ್ದು ಅಲ್ಲಿಯ ಗಾಳಿಗೆ ಗೊತ್ತಾಗಿರಬೇಕು. ಗುಜರಿ ಅಂಗಡಿ ಮುಟ್ಟುವ ಹೊತ್ತಿಗೆ ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು. ಹಳೆಯ ಫೋನು ಬೇಕೆಂದೆ. ಅಂಗಡಿಯ ಹಿರಿಯರು ನನ್ನ ಮುಖ ನೋಡಿ, ಮೆಲ್ಲಗೆ, "ಯಾರದಪಾ ಫೋನು? ತೀರಿಕೊಂಡಾರೇನು?" ಎಂದು ಕೇಳಿದರು. ಇಲ್ಲರೀ, ಒಳಗಿನ ಗಂಟೆ ಅಷ್ಟೇ ಬೇಕು ಎಂದೆ. ಅವರಿಗೆ ಇನ್ನೂ ಕನಿಕರ ಹುಟ್ಟಿತು. ಮೂರು ಕರಿ ಫೋನುಗಳನ್ನು ನನ್ನ ಮುಂದಿಟ್ಟು, ಎರಡರ ಗಂಟೆ ತಾವೇ ಬಿಚ್ಚಿಕೊಟ್ಟರು. ಒಂದರ ಸುರುಳಿಯ ತಂತಿ ದಪ್ಪ. ಇನ್ನೊಂದರದು ತುಕ್ಕಿನಲ್ಲಿ ಸಿಕ್ಕು ಬಿಚ್ಚಲು ಬಾರದು. ಮೂರನೆಯದರ ತಂತಿ ಬೆರಳಿಗೆ ಹತ್ತಿದರೆ ಹತ್ತಿದ್ದು ತಿಳಿಯದಷ್ಟು ಸಣ್ಣಗಿತ್ತು. ಬೆಳಕಿಗೆ ಹಿಡಿದರೆ ಮಾತ್ರ ಕೆಂಪಗೆ ಮಿಂಚುತ್ತಿತ್ತು. ಅದನ್ನು ಮೊಸರು ಗಡಿಗೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ.

ರವಿವಾರ ಮುಂಜಾನೆ ಪ್ರೆಸ್ಸಿಗೆ ರಜೆ. ಗಿಟಾರನ್ನೂ ಸುರುಳಿಯನ್ನೂ ಹಿಡಿದು ಅಂಗಡಿಗೆ ಹೋದರೆ, ಬಾಗಿಲ ಬೆಂಚಿನ ಮೇಲೆ ಗಿರಿಜಕ್ಕ ಕೂತಿದ್ದಳು. ಗುತ್ತಲದಲ್ಲಿ ಹೊಲ ಮಾಡುತ್ತಿದ್ದ ಆಕೆಯ ಅಣ್ಣನ ಮೋಟಾರು ಸುಟ್ಟಿತ್ತು. ಅಣ್ಣ ಮೋಟಾರು ಇಳಿಸಿ ಬೀಜದ ಅಂಗಡಿಗೆ ಹೋಗಿದ್ದ, ಆಕೆ ಕಾಯುತ್ತಿದ್ದಳು. ನನಗೆ ತಿರುಗಿ ಹೋಗಬೇಕೆನಿಸಿತು. ಆದರೆ ಆಕೆ ಆಗಲೇ ಬೆಂಚಿನ ಮೇಲೆ ಸರಿದು ಜಾಗ ಮಾಡಿದ್ದಳು.

"ಬಾ ಬಸೂ, ಕುಂದ್ರ. ನಿಂದೂ ಸುಟ್ಟೈತೇನು?"

ಖಾದರಸಾಬರು ಹಳೆಯ ತಂತಿ ಹರಿದು ತೆಗೆದರು. ಆ ಸದ್ದು ಕೇಳಲಾರದೆ ನಾನು ಓಣಿಯ ಕಡೆ ನೋಡಿದೆ. ಆಮೇಲೆ ಕೈಯಿಂದ ತಿರುಗಿಸುವ ಸಣ್ಣ ಯಂತ್ರಕ್ಕೆ ಪಿಕಪ್ ಕಟ್ಟಿ, ಬಲಗೈಯಿಂದ ತಿರುಗಿಸುತ್ತ ಎಡಗೈಯ ಎರಡು ಬೆರಳಿನಲ್ಲಿ ತಂತಿ ಹಾಯಿಸತೊಡಗಿದರು. ಪಂಪ್‌ಸೆಟ್ಟಿನ ದಪ್ಪ ತಂತಿ ಬಡಿದು ಬಡಿದು ಕೂಡಿಸಿದ ಆ ಬೆರಳುಗಳು ಈಗ ಮಲಗಿದ ಕೂಸಿನ ತಲೆಯ ಮೇಲೆ ಆಡುವ ಹಾಗೆ ಆಡಿದವು. ಯಂತ್ರದ ಪಕ್ಕದ ಎಣಿಕೆ ಸಾವಿರ ದಾಟಿತು, ಎರಡು ಸಾವಿರ ದಾಟಿತು. ಬೆಂಚಿನ ಮೇಲೆ ನಾವಿಬ್ಬರೂ ಆ ಎಣಿಕೆಯನ್ನೇ ನೋಡುತ್ತಿದ್ದೆವು.

"ಇದ್ಯಾಕ ಇಷ್ಟು ಕಷ್ಟ ಪಡಾಕತ್ತೀಯೋ?" ಎಂದು ಗಿರಿಜಕ್ಕ ಪಿಸುಗುಟ್ಟಿ ಕೇಳಿದಳು.

"ಧ್ವನಿ ಭಾಳ ನುಣ್ಣಗೈತಿ ಅಕ್ಕಾ. ಸ್ವಲ್ಪ ಒರಟ ಆಗಬೇಕು. ಒಂದು ಸ್ವಲ್ಪ ಸೀಳಿದಂಗ, ಗೊಗ್ಗರ ಇದ್ದಂಗ..."

ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು. ಆಕೆ ನನ್ನನ್ನು ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ತುಟಿಯ ಒಂದು ತುದಿಯಲ್ಲಿ ನಗು ಇತ್ತು.

"ನಿನ್ನ ಗಿಟಾರಿಗೆ ಅದನ್ನ ಬ್ಯಾಡಗಿಯಿಂದ ತರಸಾಕತ್ತೀದಿ," ಎಂದಳು ತನ್ನ ಹರಿದ ದನಿಯಲ್ಲಿ. "ನನಗ ದೇವರು ಪುಕ್ಕಟ ಕೊಟ್ಟಾನ ನೋಡು."

ಆಗ ಸರಿಯಾಗಿ ತಂತಿ ಹರಿಯಿತು. ಸದ್ದೇ ಆಗಲಿಲ್ಲ. ಖಾದರಸಾಬರ ಬೆರಳ ನಡುವೆ ಏನೂ ಇರಲಿಲ್ಲ, ಅಷ್ಟೇ. ನಾಲ್ಕು ಸಾವಿರ ಸುತ್ತು ಆಗಿತ್ತು. ನಾನು ಎದ್ದು ನಿಂತೆ. ಎದ್ದು ಏನು ಮಾಡುವುದು ಎಂದು ತಿಳಿಯದೆ ಕೂತೆ. ಖಾದರಸಾಬರು ಎರಡು ತುದಿ ಹುಡುಕಿ, ಚಾಕುವಿನ ಮೊನೆಯಿಂದ ಮೇಲಿನ ಲೇಪ ಕೆರೆದು, ಹೊಸೆದು, ಸಾಸಿವೆಗಿಂತ ಸಣ್ಣ ಬೆಸುಗೆ ಇಟ್ಟರು.

"ಹರದದ್ದು ಕೂಡಿಸಿದ್ರ ನಡೀತೈತೇನ್ರಿ ಚಾಚಾ?" ಎಂದು ಗಿರಿಜಕ್ಕ ಕೇಳಿದಳು.

"ಕರೆಂಟಿಗೆ ಗಂಟಿನ ಹಂಗಿಲ್ಲವಾ. ದಾರಿ ಇದ್ರ ಸಾಕು, ಹೋಗತೈತಿ," ಎಂದು ಅವರು ಮತ್ತೆ ತಿರುಗಿಸತೊಡಗಿದರು.

ನನಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ಮಾಸ್ತರಿಗೆ ಹೇಳಿದಾಂವ ನಾನು. ನಿನ್ನ ಧ್ವನಿ ಹರದೈತಿ, ಮಂದಿ ನಗತಾರ ಅಂದಾಂವ ನಾನು," ಎಂದೆ.

"ಗೊತ್ತೈತಿ. ಮಾಸ್ತರ ಹೇಳ್ಯಾರ." ಆಕೆ ಯಂತ್ರದ ಕಡೆಗೇ ನೋಡುತ್ತಿದ್ದಳು. "ಹರದದ್ದು ಖರೇನ ಐತಿ. ನೀ ಸುಳ್ಳು ಹೇಳಿಲ್ಲ. ಆದ್ರ ಹರದ ಅರಿವಿ ಎಲ್ಲಾ ಒಗದಬಿಟ್ರ ಕೌದಿ ಯಾವಾಗ ಹೊಲೀತಾರ?" ಆಮೇಲೆ ನನ್ನ ಕಡೆ ತಿರುಗಿ ಅಂದಳು: "ನನಗ ಹೇಳಬೇಕಿತ್ತು ನೋಡು. ಮಾಸ್ತರಿಗಲ್ಲ."

ನನ್ನ ತಪ್ಪನ್ನು ಅಷ್ಟು ಅಳತೆಗೆ ಸರಿಯಾಗಿ ಯಾರೂ ಕತ್ತರಿಸಿ ನನ್ನ ಕೈಗೆ ಕೊಟ್ಟಿರಲಿಲ್ಲ. ಹೂಂ ಎಂದೆ.

ಏಳು ಸಾವಿರಕ್ಕೆ ನಿಲ್ಲಿಸುವುದೆಂದು ಮಾತಾಗಿತ್ತು. ತಂತಿ ಉಳಿದಿತ್ತು, ಖಾದರಸಾಬರಿಗೆ ಹುರುಪು ಬಂದು ಎಂಟು ಸಾವಿರದ ಮೇಲೆ ಹೋದರು. ಮೇಣದ ಬತ್ತಿ ಕರಗಿಸಿ ಅದರಲ್ಲಿ ಪಿಕಪ್ ಅದ್ದಿ ತೆಗೆದರು. ಒಳಗಿನ ಸುತ್ತುಗಳು ಅಲುಗಾಡದಿರಲಿ ಎಂದು. ಗಿಟಾರಿಗೆ ಕೂಡಿಸಿ ರೇಡಿಯೋಕ್ಕೆ ಜೋಡಿಸಿದೆವು. ದಪ್ಪ ತಂತಿಯನ್ನು ಒಮ್ಮೆ ಮೀಟಿದೆ.

ಅದು ಬಂತು. ಹೊಟ್ಟೆಯಲ್ಲಿ ಮೊದಲು, ಕಿವಿಯಲ್ಲಿ ಆಮೇಲೆ. ಹಳೆಯ ರೇಡಿಯೋದ ಎದೆ ತಡೆಯದೆ ದನಿ ಅಂಚಿನಲ್ಲಿ ಹರಿದು ಗರಗರ ಎಂದಿತು. ಮೆಲ್ಲಗೆ ಮೀಟಿದರೆ ಗೊಣಗಿತು, ಒತ್ತಿದರೆ ಗದರಿತು. ಖಾದರಸಾಬರು ಕಣ್ಣು ಮುಚ್ಚಿ, "ಬೇರಿಂಗ್ ಹ್ವಾದ ಮೋಟರ್ ಹಂಗ ಐತಿ," ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಗಿರಿಜಕ್ಕ ಬೆಂಚಿನಿಂದ ಎದ್ದು ಹತ್ತಿರ ಬಂದಿದ್ದಳು. ಯಾರೂ ಹೇಳದೆ ಒಂದು ಹಳೆಯ ಹಾಡಿನ ಮೊದಲ ಸಾಲು ಗುನುಗಿದಳು. ಎರಡನೆಯ ಸಾಲಿಗೆ ಸ್ವರ ಮೇಲೆ ಹೋಗಬೇಕಿತ್ತು, ದನಿ ಸೀಳಿತು. ಆಕೆ ನಿಲ್ಲಿಸಿದಳು.

"ಕೆಳಗ ಇಳೀಲೇನು ಅಕ್ಕಾ?"

"ಇಳಿ."

ಗಿಟಾರಿನಲ್ಲಿ ಎರಡು ಮನೆ ಇಳಿದು ಶ್ರುತಿ ತಗ್ಗಿಸಿದೆ. ಮತ್ತೆ ಸೀಳಿತು. ಇನ್ನೂ ಇಳಿದೆ. ಅಲ್ಲಿ ಆಕೆಯ ದನಿ ನೆಲ ಮುಟ್ಟಿತು. ಸೀಳುತ್ತಿದ್ದದ್ದು ಅಲ್ಲಿಯೂ ಸೀಳಿತು, ಆದರೆ ಅದೇ ಜಾಗದಲ್ಲಿ ಗಿಟಾರಿನ ದನಿಯೂ ಸೀಳುತ್ತಿದ್ದುದರಿಂದ ಎರಡೂ ಒಂದಕ್ಕೊಂದು ಆಸರೆಯಾದವು. ಹಾಡು ಮುಗಿಯುವ ಹೊತ್ತಿಗೆ ಆಕೆಯ ಅಣ್ಣ ಬಂದು ಬಾಗಿಲಲ್ಲಿ ನಿಂತಿದ್ದ. ಎಂಟು ತಿಂಗಳಿಂದ ಇವಳು ಮನೆಯಲ್ಲಿ ಒಂದು ಜೋಗುಳವನ್ನೂ ಹಾಡಿಲ್ಲ ಎಂದು ಅವನು ನನಗೆ ಆಮೇಲೆ ಹೇಳಿದ.

ಅಂದೇ ಮಧ್ಯಾಹ್ನ ಇಬ್ಬರೂ ಮಾಸ್ತರರ ಮನೆಗೆ ಹೋದೆವು. ಈ ಸಲವೂ ನಾನೇ ಮೊದಲು ಬಾಯಿ ಬಿಟ್ಟೆ. "ಅಕ್ಕ ಹಾಡತಾಳ್ರಿ. ನಾ ತಪ್ಪು ಹೇಳಿದ್ದೆ," ಎಂದೆ. ಮಾಸ್ತರರು ಕೇಳಿದರು. ಹಾಡು ಮುಗಿದ ಮೇಲೆ ತಂಬಾಕು ಹಾಕಿಕೊಂಡು, ಅದನ್ನು ಅಗಿದು, ಹೊರಗೆ ಹೋಗಿ ಉಗುಳಿ ಬಂದರು. ಕೊನೆಗೆ, "ಒಂದು ಹಾಡು," ಎಂದರು. "ಮಂದಿ ನಕ್ರ ನನ್ನ ಮ್ಯಾಲೆ ಬರಬಾರದು."

"ನಗೋ ಮಂದಿ ನನ್ನ ಮ್ಯಾಲೆ ಇರಲಿ ಬಿಡ್ರಿ," ಎಂದಳು ಅಕ್ಕ.

ಗ್ಯಾದರಿಂಗು ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಕಾಲೇಜಿನ ಅಂಗಳದಲ್ಲಿ ಪೆಂಡಾಲು, ತಗಡಿನ ಕುರ್ಚಿ, ಹಿಂದೆ ನಿಂತ ಹುಡುಗರ ಗದ್ದಲ. ಖಾದರಸಾಬರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದು ಜನರೇಟರಿನ ಪಕ್ಕ ಕೂತಿದ್ದರು; ಹಾಡು ಕೆಟ್ಟರೂ ಕೆಟ್ಟೀತು, ಜನರೇಟರು ಕೆಡಬಾರದು ಎಂಬಂತೆ. ನಾನು ವೇದಿಕೆ ಹತ್ತಿ ಗಿಟಾರು ಜೋಡಿಸಿದ ಕೂಡಲೇ ಗುಂಯ್ ಎಂದು ದೊಡ್ಡ ಸದ್ದು ಎದ್ದಿತು. ಎಂಟು ಸಾವಿರ ಸುತ್ತಿನ ಪಿಕಪ್ಪು ವೇದಿಕೆಯ ಟ್ಯೂಬ್‌ಲೈಟುಗಳನ್ನೂ ಕೇಳಿಸಿಕೊಳ್ಳುತ್ತಿತ್ತು. ಮಾಸ್ತರರು ಕಣ್ಣು ಕೆಕ್ಕರಿಸಿದರು. ನಾನು ಗಾಬರಿಯಲ್ಲಿ ಅತ್ತ ಇತ್ತ ತಿರುಗುವಾಗ ಒಂದು ದಿಕ್ಕಿಗೆ ಮುಖ ಮಾಡಿದರೆ ಸದ್ದು ಅಡಗುವುದು ತಿಳಿಯಿತು. ಆ ದಿಕ್ಕಿನಲ್ಲಿ ಪೆಂಡಾಲಿನ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಇಡೀ ಕಾರ್ಯಕ್ರಮವನ್ನು ನಾನು ಜನರಿಗೆ ಪಕ್ಕೆ ಕೊಟ್ಟು, ಬಟ್ಟೆ ನೋಡುತ್ತ ಬಾರಿಸಿದೆ. ಗಿಟಾರಿನವನಿಗೆ ಬಹಳ ನಾಚಿಕೆ ಎಂದು ಹುಡುಗಿಯರು ಮಾತಾಡಿಕೊಂಡರಂತೆ.

ಗಿರಿಜಕ್ಕನ ಸರದಿ ಬಂತು. ಮೈಕಿನ ಮುಂದೆ ನಿಂತು, "ನಮಸ್ಕಾರ್ರಿ" ಎಂದಳು. ಆ ಒಂದು ಮಾತಿಗೇ ಹಿಂದಿನಿಂದ ಒಬ್ಬ ಕೆಮ್ಮಿದ. ಇನ್ನೊಬ್ಬ ಕಪ್ಪೆಯ ಹಾಗೆ ಒಟರಿದ. ಪೆಂಡಾಲು ನಕ್ಕಿತು. ಮಂದಿ ನಗುತ್ತಾರೆಂದು ನಾನು ಹೇಳಿದ್ದು ನಿಜವಾಗುವುದನ್ನು ನಾನೇ ನಿಂತು ಕೇಳಬೇಕಾಯಿತು. ಅಕ್ಕ ನನ್ನ ಕಡೆ ತಿರುಗಿ ಬರೀ ಹುಬ್ಬು ಎತ್ತಿದಳು. ನಾನು ದಪ್ಪ ತಂತಿಯಿಂದ ಶುರುಮಾಡಿದೆ. ಆ ಗರಗರ ದನಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಟು ತಗಡಿನ ಕುರ್ಚಿಗಳನ್ನೇ ಸಣ್ಣಗೆ ನಡುಗಿಸಿತು. ಅದರೊಳಗಿಂದ ಅಕ್ಕನ ದನಿ ಎದ್ದಿತು. ಮೇಲೆ ಹೋಗಲಿಲ್ಲ; ತಗ್ಗಿನಲ್ಲೇ, ನಿಧಾನವಾಗಿ, ಪಕ್ಕದಲ್ಲಿ ಕೂತು ಒಬ್ಬೊಬ್ಬರಿಗೇ ಹೇಳುವ ಹಾಗೆ ಹಾಡಿದಳು. ಒಂದು ಸಾಲಿನ ಕೊನೆಗೆ ದನಿ ಒಡೆಯಿತು. ಆಕೆ ಅದನ್ನು ಮುಚ್ಚಲಿಲ್ಲ, ಒಡೆಯಲು ಬಿಟ್ಟು, ಆ ಬಿರುಕಿನಲ್ಲೇ ಮುಂದಿನ ಸಾಲು ಎತ್ತಿಕೊಂಡಳು. ನನಗೆ ಜನ ಕಾಣುತ್ತಿರಲಿಲ್ಲ, ಬಟ್ಟೆಯಷ್ಟೇ ಕಾಣುತ್ತಿತ್ತು. ಆದರೆ ಕೆಮ್ಮು ನಿಂತದ್ದು ಕೇಳಿಸಿತು. ಆಮೇಲೆ ಕುರ್ಚಿ ಎಳೆಯುವ ಸದ್ದೂ ನಿಂತಿತು.

ಹಾಡು ಮುಗಿಯಿತು. ಮೊದಲು "ವನ್ಸ್ ಮೋರ್" ಎಂದವನು ಆ ಕಪ್ಪೆಯೇ. ದನಿಯ ಗುರುತು ಸಿಕ್ಕಿತು.

ಮಾಸ್ತರರು ಇನ್ನೊಮ್ಮೆ ಹಾಡಲು ಸನ್ನೆ ಮಾಡಿದರು. ಕಾರ್ಯಕ್ರಮ ಮುಗಿದು ನಾನು ವೇದಿಕೆ ಇಳಿಯುವಾಗ ನನ್ನ ಕಿವಿಯ ಹತ್ತಿರ ಬಾಗಿ, "ಕೀಬೋರ್ಡಿನಾಗ ಇಂಥಾ ಗಿಟಾರು ಯಾವ ಗುಂಡಿಯಾಗ ಐತಿ ಅಂತ ಹುಡಕಾಕತ್ತೇನಿ, ಸಿಗವಲ್ದು," ಎಂದರು. ಅವರು ಕೀಬೋರ್ಡನ್ನೂ ಕೊಂಡರು, ನನ್ನನ್ನೂ ಉಳಿಸಿಕೊಂಡರು. ಅಕ್ಕ ಅದರ ಮುಂದಿನ ಆರು ವರ್ಷ ನಮ್ಮೊಡನೆ ಹಾಡಿದಳು. ಹಳೆಯ ಹಾಡುಗಳನ್ನು ಆಕೆಗಾಗಿ ತಗ್ಗಿಸಿ ತಗ್ಗಿಸಿ, ಕೊನೆಗೆ ಗಂಡಸು ಹಾಡುಗಾರರೇ ಅದು ತಮಗೆ ಕೆಳಗಾಯಿತೆಂದು ದೂರತೊಡಗಿದರು. ಖಾದರಸಾಬರ ತೀರ್ಪು ಮಾತ್ರ ಕಟ್ಟುನಿಟ್ಟಾಗಿತ್ತು.

"ಸಾವಿರ ಸುತ್ತು ಹೆಚ್ಚಾಗ್ಯಾವು," ಎಂದರು. "ಮುಂದಿನ ಸಲ ಕಮ್ಮಿ ಮಾಡೋಣು."

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದದ್ದು ಅಂದೇ ಸಂಜೆಯ ಇನ್ನೊಂದು ಸಂಗತಿ. ಸಾಮಾನು ಕಟ್ಟುತ್ತಿದ್ದೆವು. ವೇದಿಕೆಯ ಹಿಂದಿನ ಮೆಟ್ಟಿಲ ಹತ್ತಿರ ಒಬ್ಬ ವಿದ್ಯಾರ್ಥಿನಿ ಬಂದು ನಿಂತಳು. ಎತ್ತರದ ಹುಡುಗಿ, ಎದೆಗೆ ಪುಸ್ತಕ ಒತ್ತಿಕೊಂಡಿದ್ದಳು. ಗಿರಿಜಕ್ಕ ಯಾರವ್ವಾ ಎಂದಳು. ಹುಡುಗಿ ಬಾಯಿ ಬಿಟ್ಟಳು. ದನಿ ಗಂಡುಹುಡುಗರ ದನಿಯಷ್ಟೇ ದಪ್ಪಗಿತ್ತು.

"ನಾ ಮೂರು ವರ್ಷ ಆತ್ರಿ, ಗ್ಯಾದರಿಂಗಿಗೆ ಹೆಸರು ಕೊಡತೇನ್ರಿ. ನಿನ್ನ ಧ್ವನಿ ಹಾಡಿಗೆ ಬರಂಗಿಲ್ಲ ಅಂತ ತಗೀತಾರ್ರಿ. ನಾ ಹಾಡಬೌದೇನ್ರಿ?"

ಅಕ್ಕ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಪಕ್ಕದ ಜಾಗ ಒರೆಸಿದಳು. "ಕುಂದ್ರ. ಒಂದು ಸಾಲು ಹೇಳು ಕೇಳೋಣು."

"ಎಲ್ಲಿಂದ ಹಿಡೀಲ್ರಿ?"

"ನಿನಗ ಎಲ್ಲಿ ಕೂಡತೈತಿ ಅಲ್ಲಿಂದ ಹಿಡಿ. ಇಂವ ಹುಡುಕ್ಕೊಂಡು ಬರತಾನ."

ಮಾಸ್ತರರು ಮೆಟಡೋರಿನ ಹಾರ್ನು ಬಾರಿಸುತ್ತಿದ್ದರು. ನಾನು ಚೀಲದೊಳಗೆ ಹಾಕಿದ್ದ ಗಿಟಾರನ್ನು ಮತ್ತೆ ಹೊರಗೆ ತೆಗೆದು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಹುಡುಗಿ ಪುಸ್ತಕಗಳನ್ನು ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಳ್ಳಲು ಹೋಗಿ, ಅಕ್ಕನ ಮುಖ ನೋಡಿ, ಮಾಡಿಕೊಳ್ಳದೆಯೇ ಹಾಡತೊಡಗಿದಳು.